ಹಿಡಿಯುವುದಕ್ಕಿಂತ ತೊಳೆಯುವುದೇ ಕಷ್ಟ

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ನಮಗೆ ಬೇಕಾದ ಪ್ರೋಟೀನನ್ನು ತಯಾರಿಸಿಕೊಂಡು ಕೋಶಗಳನ್ನು ಒಡೆದಾಗ ಕೈಗೆ ಬರುವುದು ಸಾವಿರಾರು ಬಗೆಯ ಪ್ರೋಟೀನುಗಳು ಬೆರೆತ ದ್ರವ. ಅದರಿಂದ ಒಂದನ್ನೇ ಹೆಕ್ಕಿ ತೆಗೆಯಲು, ಸಣ್ಣ ಪ್ರಮಾಣದ ಕೆಲಸವಾದರೆ, ನಾನು ಈಚೆಗೆ ಕಾಂತೀಯ ನ್ಯಾನೋಕಣಗಳನ್ನು ಬಳಸುತ್ತಿದ್ದೇನೆ.

ಕಣದ ತಿರುಳು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡು. ಸುಮಾರು 10 ನ್ಯಾನೋಮೀಟರ್ ಗಾತ್ರದಲ್ಲಿ ಅದು ಅಯಸ್ಕಾಂತ ಹತ್ತಿರವಿದ್ದಾಗ ಮಾತ್ರ ಕಾಂತತ್ವ ತೋರಿಸಿ, ದೂರ ಸರಿಸಿದೊಡನೆ ಕಳೆದುಕೊಳ್ಳುವುದರಿಂದ ಕಣಗಳು ಗಂಟುಕಟ್ಟದೆ ಮತ್ತೆ ದ್ರವದಲ್ಲಿ ಹರಡಿಕೊಳ್ಳುತ್ತವೆ. ಆದರೆ ಅಷ್ಟು ಸಣ್ಣ ಒಂಟಿ ಕಣವನ್ನು ಸಾಧಾರಣ ಅಯಸ್ಕಾಂತ ಬೇಗ ಎಳೆಯಲಾರದು. ಅದಕ್ಕೇ ಹಲವು ಕಣಗಳ ಗೊಂಚಲಿಗೆ ಸಿಲಿಕಾದ ಹೊದಿಕೆ ಕೊಡುವುದುಂಟು. ಆ ಮೇಲ್ಮೈಗೆ ಎನ್‌ಟಿಎ ಎಂಬ ಅಣುವನ್ನು ಜೋಡಿಸಿ, ಅದರ ಹಿಡಿತದಲ್ಲಿ ನಿಕಲ್ ಅಯಾನನ್ನು ಕೂರಿಸಿದರೆ ಗಾಳ ಸಿದ್ಧ. ನಿಕಲ್‌ಗೆ ಆರು ಕೈಗಳಿವೆ ಎಂದುಕೊಂಡರೆ ನಾಲ್ಕನ್ನು ಎನ್‌ಟಿಎ ಹಿಡಿದಿರುತ್ತದೆ. ಉಳಿದೆರಡು, ಪ್ರೋಟೀನಿನ ತುದಿಗೆ ನಾವು ಸೇರಿಸಿರುವ, ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಆರು ಕೊಂಡಿಗಳ ಬಾಲವನ್ನು ಹಿಡಿಯುತ್ತವೆ. ಲೋಹದ ಅಯಾನುಗಳಿಂದ ಪ್ರೋಟೀನುಗಳನ್ನು ಬೇರ್ಪಡಿಸುವ ಉಪಾಯವನ್ನು ಸ್ವೀಡನ್ನಿನ ಯೆರ್ಕರ್ ಪೊರಾತ್ ಮತ್ತು ಸಂಗಡಿಗರು 1975ರಲ್ಲೇ ತೋರಿಸಿಕೊಟ್ಟಿದ್ದರು.

ಟ್ಯೂಬನ್ನು ಮ್ಯಾಗ್ನೆಟ್ ಸ್ಟ್ಯಾಂಡಿಗೆ ಸಿಕ್ಕಿಸಿದಾಗ ಶಾಯಿಯಂತಿದ್ದ ದ್ರವ ಒಂದೆರಡು ನಿಮಿಷದಲ್ಲಿ ತಿಳಿಯಾಗಿ, ಕಣಗಳೆಲ್ಲ ಕಾಡಿಗೆಯ ಬೊಟ್ಟಿನಂತೆ ಗೋಡೆಗೆ ಅಂಟಿಕೊಳ್ಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ.

ಆದರೆ ಪ್ರೋಟೀನುಗಳನ್ನು ತೂಕಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿಗಳಾಗಿ ತೋರಿಸುವ ಜೆಲ್ಲಿನ ಮೊದಲ ಪರೀಕ್ಷೆಯಲ್ಲಿ ನನ್ನ ಪ್ರೋಟೀನಿನ ಪಟ್ಟಿಯ ಕೆಳಗೆ, 25 ಕಿಲೋಡಾಲ್ಟನ್ ತೂಕದ ಆಸುಪಾಸಿನಲ್ಲಿ, ಇನ್ನೊಂದು ಪಟ್ಟಿಯೂ ದಟ್ಟವಾಗಿ ಕಂಡಿತು. ಬಹುಮಟ್ಟಿಗೆ ಅದು ಸ್ಲೈ-ಡಿ: ಇ. ಕೋಲಿಯದೇ ಪ್ರೋಟೀನು, ಹುಟ್ಟಿನಿಂದಲೇ ಹಿಸ್ಟಿಡಿನ್ ಹೇರಳ, ಹಾಗಾಗಿ ಕರೆಯದೇ ಬರುವ ನೆಂಟ. ಸಡಿಲವಾಗಿ ಅಂಟಿದ್ದನ್ನು ನಿಕಲ್ಲಿನಿಂದ ಬಿಡಿಸಲೆಂದು ತೊಳೆಯುವ ದ್ರಾವಣಕ್ಕೆ (ಬಫರ್) ಹಾಕುವ ಇಮಿಡಜೋಲನ್ನು 20 ಮಿಲಿಮೋಲಾರ್‌ನಿಂದ 40ಕ್ಕೆ ಏರಿಸಿದೆ. ಆಮೇಲೆ ಕಣಗಳನ್ನೂ ಕಡಿಮೆ ಮಾಡಿದೆ. ಎರಡನೆಯದೇ ಹೆಚ್ಚು ಫಲ ಕೊಟ್ಟಿತು. ಕಣಗಳ ಮೇಲೆ ಖಾಲಿ ಜಾಗ ಉಳಿದಷ್ಟೂ ಬೇಡದ ಪ್ರೋಟೀನುಗಳಿಗೆ ಎಡೆ ಸಿಗುತ್ತದೆ. ಜಾಗಕ್ಕೆ ಪೈಪೋಟಿ ಇದ್ದಾಗ ಬಾಲವಿರುವುದೇ ಗೆಲ್ಲುತ್ತದೆ. ಆ ಪಟ್ಟಿ ಮಸುಕಾಯಿತು, ಪೂರ್ತಿ ಹೋಗಲಿಲ್ಲ.

ಒಮ್ಮೆಯಂತೂ ಪ್ರೋಟೀನುಗಳನ್ನು ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳನ್ನು ತಡೆಯುವ ಮಾತ್ರೆಯಲ್ಲಿ, ಲೋಹವನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ಇದ್ದುದನ್ನು ಗಮನಿಸದೆ ಹಾಕಿಬಿಟ್ಟು, ಅದು ನಿಕಲ್ಲನ್ನು ಕಣಗಳಿಂದ ಕಿತ್ತುಕೊಂಡು, ಪ್ರೋಟೀನೆಲ್ಲ ತೊಳೆದ ನೀರಿನ ಪಾಲಾಯಿತು. ತಪ್ಪು ನನ್ನದೇ.

ಕೊನೆಗೆ 250 ಮಿಲಿಮೋಲಾರ್ ಇಮಿಡಜೋಲ್ ಸುರಿದರೆ, ಹಿಸ್ಟಿಡಿನ್ನಿನ ಉಂಗುರವನ್ನೇ ಹೋಲುವ ಆ ಅಣು ನಿಕಲ್ಲಿನ ಮೇಲಿನ ಜಾಗ ಆಕ್ರಮಿಸಿ ಪ್ರೋಟೀನನ್ನು ಬಿಡಿಸುತ್ತದೆ. ಲೀಟರುಗಟ್ಟಲೆ ಕಲ್ಚರ್ ಇದ್ದಾಗ ಮಾತ್ರ ನಾನು ಈಗಲೂ ನಿಕಲ್ ಹೊತ್ತ ರಾಳದ ಮಣಿಗಳನ್ನು ತುಂಬಿದ ಕೊಳವೆಗೆ, ಅಂದರೆ ಹಳೆಯ ಕಾಲಮ್ಮಿಗೇ ಮರಳುತ್ತೇನೆ. ಅಷ್ಟಕ್ಕೆಲ್ಲ ಕಣಗಳ ಬೆಲೆ ಕೈಗೆಟಕುವುದಿಲ್ಲ.