ಹಬ್ಬಕ್ಕೆ ಸಕ್ಕರೆಪಾಕದ ಕಿತ್ತಳೆ ಸಿಪ್ಪೆ

ಹಬ್ಬದ ರಜೆಗೆ ಮನೆಯಲ್ಲೇ ಮಾಡಬಹುದಾದ ಸಿಹಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸಕ್ಕರೆಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ. ಉದ್ದುದ್ದನೆಯ ಎಳೆಗಳಾಗಿ ಹೆಚ್ಚಿದ ಸಿಪ್ಪೆಯನ್ನು, ಪ್ರತಿ ಸಲವೂ ನೀರು ಬದಲಿಸುತ್ತ, 2–3 ಬಾರಿ ಕುದಿಸಿ ಬಸಿದರೆ ಕಹಿ ಇಳಿಯುತ್ತದೆ. ಬಳಿಕ ಸಮಪ್ರಮಾಣದ ಸಕ್ಕರೆ ಮತ್ತು ನೀರಿನ ಪಾಕದಲ್ಲಿ, ಸಣ್ಣ ಉರಿಯಲ್ಲಿ, ಸಿಪ್ಪೆ ಪಾರದರ್ಶಕವಾಗುವವರೆಗೆ ಸುಮಾರು 45 ನಿಮಿಷ ಬೇಯಿಸಬೇಕು. ಇಲ್ಲಿ ಅವಸರ ಖಂಡಿತ ಸಲ್ಲದು: ಉರಿ ಹೆಚ್ಚಾದರೆ ಸಕ್ಕರೆ ಒಳಗಿಳಿಯುವ ಮೊದಲೇ ಪಾಕ ಗಟ್ಟಿಯಾಗಿ, ಸಿಪ್ಪೆಯೊಳಗಿನ ನೀರನ್ನು ಹೊರಗೆಳೆದು, ಅದನ್ನು ಸುಕ್ಕುಗಟ್ಟಿಸಿಬಿಡುತ್ತದೆ. ಪಾಕ ಹರಳುಗಟ್ಟದಂತೆ ಕೆಲವು ಹನಿ ನಿಂಬೆರಸ ಬೆರೆಸುವುದು ಒಳ್ಳೆಯದು. ಬೆಂದ ಎಳೆಗಳನ್ನು ಜಾಲರಿಯ ಮೇಲೆ ಆರಲು ಬಿಟ್ಟು, ಸ್ವಲ್ಪ ಅಂಟು ಉಳಿದಿರುವಾಗಲೇ ಸಕ್ಕರೆಯಲ್ಲಿ ಹೊರಳಿಸಿ, ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ಉಳಿದ ಪಾಕವನ್ನು ದಯವಿಟ್ಟು ಚೆಲ್ಲಬೇಡಿ. ಕಿತ್ತಳೆಯ ಪರಿಮಳ ತುಂಬಿದ ಅದು ಶರಬತ್ತಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ.