ಒಂದೇ ಸೂರು, ನಾಲ್ಕು ಪಾಲು

"ರಿಪೇರಿ ಮಾಡಿಸಿದರೆ ಕಟ್ಟಡ ಇನ್ನೂ ಮೂವತ್ತು ವರ್ಷ ಬಾಳುತ್ತಂತೆ. ಅಷ್ಟು ವರ್ಷ ನಾನು ಬಾಳ್ತೀನಾ? ನಾನ್ಯಾಕೆ ದುಡ್ಡು ಕೊಡಲಿ?"

ಪಕ್ಕದ ಫ್ಲ್ಯಾಟಿನ ಅಜ್ಜಿ ಕಳೆದ ವಾರ ಲಿಫ್ಟಿನಲ್ಲಿ ಹೀಗೆ ಕೇಳಿದರು. ಕೈಯಲ್ಲಿ ಅಸೋಸಿಯೇಷನ್ನಿನ ಪತ್ರ ಇತ್ತು. ನಮಗೂ ಅದೇ ಪತ್ರ ಬಂದಿದೆ. ತಿಂಗಳ ಮೇಂಟೆನೆನ್ಸ್ ಅಲ್ಲದೆ, ಕಟ್ಟಡದ ರಿಪೇರಿಗೆ ಅಂತ ಪ್ರತಿ ಮನೆಯವರೂ ಬೇರೆ ಹಣ ಕಟ್ಟಬೇಕು. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅಮ್ಮ ಓದಿದರೆ ರಾತ್ರಿ ನಿದ್ದೆ ಮಾಡುವುದಿಲ್ಲ.

ನಾವಿರುವುದು ಫ್ಲಾರಿಡಾದ ಸನ್ನಿ ಐಲ್ಸ್ ಬೀಚಿನಲ್ಲಿ, ಮಯಾಮಿಯಿಂದ ಉತ್ತರಕ್ಕೆ. ಕಾಲಿನ್ಸ್ ಅವೆನ್ಯೂ ಎಂಬ ರಸ್ತೆಗೂ ಸಮುದ್ರಕ್ಕೂ ನಡುವೆ ಸಾಲಾಗಿ ಗೋಪುರದಂಥ ಕಟ್ಟಡಗಳು. ಅದರಲ್ಲಿ ಪೋರ್ಷೆ ಹೆಸರಿನದೊಂದು ಇದೆ, 60 ಮಹಡಿ. ಮಾಲೀಕರು ಕಾರಿನಲ್ಲಿ ಕೂತೇ ಲಿಫ್ಟಿನಲ್ಲಿ ತಮ್ಮ ಮನೆವರೆಗೂ ಹೋಗಬಹುದು! ನಮ್ಮದು ಅಷ್ಟು ದೊಡ್ಡಸ್ತಿಕೆಯದಲ್ಲ, ಹಳೆಯದು. ಆದರೂ ಬಾಲ್ಕನಿಯ ಫೋಟೋ ಹಾಕಿದರೆ ಊರಿನವರೆಲ್ಲ "ಪುಣ್ಯವಂತರಪ್ಪಾ" ಅನ್ನುತ್ತಾರೆ. ಮಧ್ಯಾಹ್ನ ಆಗುತ್ತಿದ್ದ ಹಾಗೆ ಈ ಕಟ್ಟಡಗಳ ನೆರಳೇ ಮರಳಿನ ಮೇಲೆ ಬೀಳುತ್ತದೆ. ಬಿಸಿಲು ಕಾಯಲು ಬಂದವರು ನೆರಳು ಸರಿದ ಹಾಗೆಲ್ಲ ಕುರ್ಚಿ ಎಳೆದುಕೊಂಡು ನೀರಿನ ಕಡೆ ಹೋಗುತ್ತಿರುತ್ತಾರೆ. ಅದು ಫೋಟೋದಲ್ಲಿ ಬರುವುದಿಲ್ಲ.

ಈ ಪತ್ರದ ಹಿಂದೆ ಒಂದು ಕಥೆ ಇದೆ. ಇದೇ ರಸ್ತೆಯಲ್ಲಿ ಕೆಲವೇ ಮೈಲಿ ದಕ್ಷಿಣಕ್ಕೆ ಸರ್ಫ್‌ಸೈಡ್ ಅಂತ ಊರು. 2021ರ ಜೂನ್ 24ರ ನಡುರಾತ್ರಿ ಅಲ್ಲಿ ಶಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಟ್ಟಡದ ಒಂದು ದೊಡ್ಡ ಭಾಗ ಕುಸಿಯಿತು. ಮಲಗಿದ್ದವರು ಮಲಗಿದ್ದಲ್ಲೇ. 98 ಜನ ಸತ್ತರು. ಕಟ್ಟಿದ್ದು 1981ರಲ್ಲಿ. ಈಜುಕೊಳದ ಸುತ್ತಲಿನ ಸ್ಲ್ಯಾಬ್ ಕೆಟ್ಟಿದೆ ಎಂದು ಎಂಜಿನಿಯರ್ 2018ರಲ್ಲೇ ಬರೆದುಕೊಟ್ಟಿದ್ದರು. ಖರ್ಚು ಯಾರು ಎಷ್ಟು ಕೊಡಬೇಕು ಎಂಬ ಎಳೆದಾಟದಲ್ಲಿ ವರ್ಷಗಳು ಹೋದವು. ಕೊನೆಗೆ 1.5 ಕೋಟಿ ಡಾಲರ್ ಅಂತ ತೀರ್ಮಾನ ಆಗಿ, ದೊಡ್ಡ ಕೆಲಸ ಶುರುವಾಗುವ ಮೊದಲೇ ಕಟ್ಟಡ ಬಿತ್ತು. ಮುಂದಿನ ವರ್ಷ ರಾಜ್ಯದಲ್ಲಿ ಹೊಸ ಕಾನೂನು ಬಂತು. ಹಳೆಯ ಕಟ್ಟಡಗಳ ತಪಾಸಣೆ ಆಗಲೇಬೇಕು, ರಿಪೇರಿಗೆ ಅಂತ ಹಣ ಕೂಡಿಡಲೇಬೇಕು. ಮಾಲೀಕರೇ ಮತ ಹಾಕಿ "ಈ ವರ್ಷ ಬೇಡ" ಅಂತ ಮುಂದೂಡುವ ಹಳೆಯ ದಾರಿ ಹೆಚ್ಚುಕಡಿಮೆ ಮುಚ್ಚಿತು.

ನಮ್ಮಲ್ಲೂ ತಪಾಸಣೆಗೆ ಒಬ್ಬ ಬಂದಿದ್ದ. ಬಾಲ್ಕನಿಯ ನೆಲವನ್ನು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿಯುತ್ತಾ ಹೋದ. ಒಂದು ಮೂಲೆಯಲ್ಲಿ ಸದ್ದು ಟೊಳ್ಳಾಗಿ ಕೇಳಿತು. ಅಲ್ಲಿಗೆ ಬಣ್ಣ ಹೊಡೆದು ಚೌಕ ಬರೆದ. ಕಾಂಕ್ರೀಟಿನ ಒಳಗೆ ಉಪ್ಪಿನ ಅಂಶ ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಸೀಳುತ್ತದೆ. ಯಾವ ಸಮುದ್ರಕ್ಕೆ ಅಂತ ಇಷ್ಟು ದುಡ್ಡು ಕೊಟ್ಟಿದ್ದೇವೋ ಅದೇ ಕಟ್ಟಡವನ್ನು ತಿನ್ನುತ್ತಿದೆ, ನೋಡಿ.

ಅಜ್ಜಿಯ ಪ್ರಶ್ನೆ ಕೇಳಿದಾಗ ನನಗೆ ನೆನಪಾಗಿದ್ದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಹತ್ತಿರದ ನಮ್ಮ ತೊಟ್ಟಿಮನೆ. ಅಜ್ಜ ಹೋದ ಮೇಲೆ ನಾಲ್ಕು ಪಾಲಾಯಿತು. ತೋಟ ಹಂಚಿದರು, ಕಾಫಿ ಕಣ ಹಂಚಿದರು, ಹಂಡೆ ಕೊಪ್ಪರಿಗೆಯನ್ನೂ ಬಿಡಲಿಲ್ಲ. ಸೂರು ಹಂಚಲು ಆಗುತ್ತದಾ? ಅದು ಒಂದೇ ಉಳಿಯಿತು. ಅಜ್ಜ ಇದ್ದಾಗ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಹೆಂಚು ಕೈಯಾಡಿಸುತ್ತಿದ್ದರು. ಮಂಗ ಹಾರಿ ಒಡೆದದ್ದು, ಬೆಕ್ಕು ಓಡಾಡಿ ಜರುಗಿದ್ದು, ಎಲ್ಲ ತೆಗೆದು ಹೊಸದು ಸೇರಿಸಿ ಮತ್ತೆ ಹೊದಿಸುವುದು. ಪಾಲಾದ ಮೇಲೆ ಅದಕ್ಕೂ ಲೆಕ್ಕ ಶುರುವಾಯಿತು. "ನನ್ನ ಪಾಲಿನಲ್ಲಿ ಸೋರ್ತಿಲ್ಲವಲ್ಲ" ಎಂದರು ಒಬ್ಬ ಚಿಕ್ಕಪ್ಪ. ಬೆಂಗಳೂರಿನಲ್ಲಿದ್ದ ದೊಡ್ಡಪ್ಪ "ನಾನು ಅಲ್ಲಿ ವರ್ಷಕ್ಕೆ ಎಷ್ಟು ದಿನ ಇರ್ತೀನಿ?" ಎಂದರು. ಆದರೆ ನೀರಿಗೆ ಪಾಲುಪಟ್ಟಿ ಗೊತ್ತಿಲ್ಲ. ದೊಡ್ಡಪ್ಪನ ಕಡೆ ಇಳಿದದ್ದು ತೊಲೆಯ ಗುಂಟ ಹರಿದು ನಮ್ಮ ಭತ್ತದ ಕೋಣೆಯ ಗೋಡೆಗೆ ಬಂತು. ಒಂದು ಆಷಾಢದ ಬೆಳಗ್ಗೆ ಆ ಮಣ್ಣಿನ ಗೋಡೆ ಕುಸಿದು ಕೂತಿತು. ಒಳಗೆ ಯಾರೂ ಇರಲಿಲ್ಲ, ದೇವರು ದೊಡ್ಡವನು. ಆಮೇಲೆ ನಾಲ್ಕೂ ಜನ ಸೇರಿ ಕೊಟ್ಟ ದುಡ್ಡಿನಲ್ಲಿ ಎಷ್ಟೋ ವರ್ಷ ಹೆಂಚು ಕೈಯಾಡಿಸಬಹುದಿತ್ತು.

ಇಲ್ಲಿನ ಮೀಟಿಂಗ್ ವಿಷಯ ಹೇಳಿದರೆ ಅಮ್ಮನಿಗೆ ಆಶ್ಚರ್ಯ. "ಅಷ್ಟೂ ಮನೆಯವರು ಕೂತು ಮಾತಾಡ್ತಾರಾ? ನಮಗೆ ನಾಲ್ಕು ಜನಕ್ಕೇ ಆಗ್ಲಿಲ್ಲ." ಮಾತಾಡುವುದೇನು, ಕೂಗಾಡುತ್ತಾರೆ. ಆದರೆ ಕೊನೆಗೆ ಕಟ್ಟುತ್ತಾರೆ, ಕಾನೂನು ಇದೆಯಲ್ಲ. ಹಾಗಂತ ಇವರೇನು ನಮಗಿಂತ ಜಾಣರಲ್ಲ. 98 ಜನ ಸಾಯುವವರೆಗೆ ಇವರೂ ಕಾದರು. ನನ್ನ ಬೇಸರ ಬೇರೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಜಾರಿ ಮನೆ, ತೋಟ ಎಲ್ಲ ಹೋದವು. ಅದನ್ನು ಕಣ್ಣಾರೆ ಕಂಡ ಮೇಲೂ ನಮ್ಮಲ್ಲಿ ಗುಡ್ಡದ ಬುಡ ಕಡಿದು ಹೋಂಸ್ಟೇ ಎಬ್ಬಿಸುವುದು ನಿಂತಿಲ್ಲ. ವ್ಯೂ ಬೇಕಲ್ವಾ! ಇಲ್ಲೂ ಎಲ್ಲ ಅದಕ್ಕೇ ಸಾಯುವುದು.

ಆದರೆ ಅಜ್ಜಿಯನ್ನು ಸುಮ್ನೆ ಜಿಪುಣಿ ಅಂದುಬಿಡಲು ಮನಸ್ಸು ಬರುವುದಿಲ್ಲ. ಕ್ಯೂಬಾದಿಂದ ಚಿಕ್ಕ ಹುಡುಗಿಯಾಗಿ ಬಂದವರು. ಗಂಡ ಇದ್ದಾಗ ಕೊಂಡ ಮನೆ. ಮನೆಗೆ ಈಗ ಬೆಲೆ ಜಾಸ್ತಿ, ಅವರ ಕೈಯಲ್ಲಿ ಬರೀ ಪಿಂಚಣಿ. ಚಳಿಗಾಲಕ್ಕೆ ಮಾತ್ರ ಬಂದುಹೋಗುವವರು ಪತ್ರ ಓದದೆಯೇ ದುಡ್ಡು ಕಳಿಸುತ್ತಾರೆ. ವರ್ಷಪೂರ್ತಿ ಇಲ್ಲೇ ಇರುವ ಇವರು ಮಾರಿ ಹೋಗಬೇಕಾ ಅಂತ ಯೋಚಿಸುತ್ತಿದ್ದಾರೆ. ಕಾನೂನು ಕಟ್ಟಡವನ್ನು ಉಳಿಸುತ್ತದೆ, ಸರಿ. ಇಂಥವರು ಅದರೊಳಗೆ ಉಳಿಯುತ್ತಾರಾ?

ಮೀಟಿಂಗ್ ಮಂಗಳವಾರ. ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಅಜ್ಜಿ ಕೇಳಲಿದ್ದಾರೆ. ನಾವಿಬ್ಬರೂ ಅವರ ಪರ ಮಾತಾಡುವುದು ಅಂತ ಆಗಿದೆ. ಅತ್ತ ದೊಡ್ಡಪ್ಪನ ಮಗ ತನ್ನ ಪಾಲಿನ ಮೇಲೆ ಮಾತ್ರ ಶೀಟ್ ಹಾಕಿಸುತ್ತೇನೆ ಅಂತ ಹೊರಟಿದ್ದಾನಂತೆ. ಅವನಿಗೂ ಫೋನ್ ಮಾಡಬೇಕು.