ಬಾಡಿಗೆಯೋ ಸ್ವಂತವೋ: ಸೋಮವಾರಪೇಟೆಯ ಡಿಸೈನ್ ಅಂಗಡಿಯಲ್ಲಿ ಒಂದು ದಿನ

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆ ಹಿಡಿದ ಮೇಲೆ ಕೊಡಗಿನ ಸೋಮವಾರಪೇಟೆಯಲ್ಲಿ ಫ್ಲೆಕ್ಸ್ ಹಾಕಿಸುವವರಿಲ್ಲ. ಹಳೆ ಕಂಪ್ಯೂಟರ್ ಇಳಿಸಿ ಹೊಸದನ್ನು ಕೂರಿಸಲು ಅದೇ ಒಳ್ಳೆಯ ಸಮಯ. ಹೊಸದಕ್ಕೆ ಯಾವ ಸಾಫ್ಟ್‌ವೇರ್ ಹಾಕುವುದೆಂದು ಬೆಳಿಗ್ಗೆಯಿಂದ ಕೂತು ನೋಡಿದೆವು. ಅಂಗಡಿ ನಡೆಸುವ ಅಕ್ಕ ಮೊದಲೇ ಕೇಳಿದರು: "ಕೆಲಸ ಇಲ್ಲದ ತಿಂಗಳಿಗೂ ಯಾಕೆ ದುಡ್ಡು ಕಟ್ಟಬೇಕು?"

ಕೊಡಗಿನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೇ ಇದು. ಏಪ್ರಿಲ್-ಮೇ ತಿಂಗಳಲ್ಲಿ ಮದುವೆ, ಹಾಕಿ ಹಬ್ಬ. ಆಮೇಲೆ ಸೆಪ್ಟೆಂಬರಿನ ಕೈಲ್‌ಪೊಳ್ದ್‌ನಿಂದ ದಸರಾ, ತುಲಾ ಸಂಕ್ರಮಣ ದಾಟಿ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿವರೆಗೆ. ಒಟ್ಟು ಆರು ತಿಂಗಳ ದುಡಿಮೆ. ಫೋಟೋಶಾಪ್ ಮಾಡುವ ಕಂಪನಿ ಅಡೋಬಿ, ಆ ಸಾಫ್ಟ್‌ವೇರೂ ಸೇರಿದ ತನ್ನ ಕ್ರಿಯೇಟಿವ್ ಸೂಟ್‌ನ ಹೊಸ ಆವೃತ್ತಿಗಳನ್ನು ಒಂದೇ ಸಲ ಹಣ ಕೊಟ್ಟು ಕೊಳ್ಳುವಂತೆ ಮಾರುವುದಿಲ್ಲವೆಂದು 2013ರಲ್ಲೇ ಹೇಳಿಬಿಟ್ಟಿತು. 2012ರ ಸಿಎಸ್6 ಕೊನೆಯದು. ಹಾಗಾಗಿ ಫೋಟೋಶಾಪ್ ಬೇಕಾದರೆ ಚಂದಾ ಕಟ್ಟಲೇಬೇಕು. ಆದರೆ ಚಂದಾದಲ್ಲೂ ಎರಡು ಬಗೆ. ವರ್ಷದ ಕರಾರು ಮಾಡಿ ತಿಂಗಳ ಕಂತು ಕಟ್ಟುವುದು ಒಂದು. ಅದನ್ನು 14 ದಿನ ದಾಟಿದ ಮೇಲೆ ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಹಣದ ಒಂದು ಪಾಲನ್ನು ಕಟ್ಟಬೇಕು. ಬೇಕಾದಾಗ ಬಿಡಬಹುದಾದ ತಿಂಗಳ ಚಂದಾ ಇನ್ನೊಂದು, ಅದರ ದರ ಹೆಚ್ಚು. ಆ ದರ ಕರಾರಿನ ಕಂತಿನ ಒಂದೂವರೆ ಪಟ್ಟು ಎಂದುಕೊಂಡರೆ ಅದರ ಎಂಟು ತಿಂಗಳು ವರ್ಷದ ಹನ್ನೆರಡು ಕಂತಿಗೆ ಸಮ. ಆರೇ ತಿಂಗಳು ಬಳಸುವ ಅಂಗಡಿಗೆ ತಿಂಗಳ ಚಂದಾದಲ್ಲಿ ಕರಾರಿನ ಮೂರು ಕಂತಿನಷ್ಟು ಉಳಿಯುತ್ತದೆ. 'ತಿಂಗಳಿಗೆ ಇಷ್ಟು' ಎಂಬ ದೊಡ್ಡಕ್ಷರವನ್ನು ಮಾತ್ರ ನೋಡಿ ವರ್ಷದ ಕರಾರಿಗೆ ಒಪ್ಪಬಾರದು. ಕೆಳಗಿನ ಸಾಲನ್ನೂ ಓದಿ.

ಮಧ್ಯಾಹ್ನ ಕರೆಂಟ್ ಹೋಯಿತು, ಹಿಂದೆಯೇ ನೆಟ್ಟೂ ಹೋಯಿತು. ಚಂದಾದ ಸಾಫ್ಟ್‌ವೇರ್ ನೆಟ್ ಇಲ್ಲದಿದ್ದರೂ ತೆರೆಯುತ್ತದೆ, ಆದರೆ ಆಗಾಗ ಲೈಸೆನ್ಸ್ ಸರಿಯಿದೆಯೇ ಎಂದು ಅದು ಕಂಪನಿಯ ಸರ್ವರನ್ನು ಕೇಳಬೇಕು. ಅಡೋಬಿಯಲ್ಲಿ ತಿಂಗಳ ಚಂದಾಕ್ಕೆ 30 ದಿನ, ವಾರ್ಷಿಕಕ್ಕೆ 99 ದಿನದವರೆಗೆ ಅವಕಾಶ. ನಮ್ಮ ಕಡೆ ಇದಕ್ಕಿಂತ ದೊಡ್ಡ ತೊಂದರೆ ಹಣ ಕಟ್ಟುವಲ್ಲಿ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತ ₹15,000 ದಾಟಿದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಸಲವೂ ಒಟಿಪಿ ಬೇಕು. ವರ್ಷದ ಹಣ ಒಟ್ಟಿಗೆ ಕಟ್ಟುವವರ ನವೀಕರಣ ಜುಲೈನಲ್ಲಿ ಬಿದ್ದು, ಟವರ್ ಸತ್ತಿದ್ದರೆ ಒಟಿಪಿ ಬರುವುದಿಲ್ಲ, ಚಂದಾ ನಿಲ್ಲುತ್ತದೆ. ನವೀಕರಣ ಮಾರ್ಚ್‌ನಲ್ಲಿ ಬರುವಂತೆ ಶುರುಮಾಡಿ.

ದುಡ್ಡಿನ ಲೆಕ್ಕಕ್ಕೂ ಮೊದಲು ನೋಡಬೇಕಾದದ್ದು ಕನ್ನಡ. ಟ್ರಯಲ್ ಹಾಕಿ, ಯೂನಿಕೋಡ್ ಫಾಂಟಿನಲ್ಲಿ 'ಸ್ತ್ರೀ', 'ರಾಷ್ಟ್ರ', 'ವರ್ಷ', 'ಕ್ಷೇತ್ರ' ಟೈಪ್ ಮಾಡಿ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ, ಅರ್ಕಾವತ್ತು ತನ್ನ ಜಾಗಕ್ಕೆ ಹೋಗದಿದ್ದರೆ ಅಕ್ಷರ ಜೋಡಿಸುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಅಡೋಬಿಯ ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು; ಅವರದೇ ಚಿತ್ರ ಬಿಡಿಸುವ ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗೆ ಟಿಕ್ ಹಾಕಬೇಕು. ಅದೇ ಬಗೆಯ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಉಚಿತ, ಯಾವ ಸೆಟ್ಟಿಂಗೂ ಇಲ್ಲದೆ ಕನ್ನಡ ಸರಿಯಾಗಿ ಬರುತ್ತದೆ. ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರನ್ನು ಒಂದೇ ಸಲ ಹಣ ಕೊಟ್ಟು ಕೊಳ್ಳಬಹುದೆಂದು ಬಹಳ ಜನ ಮೆಚ್ಚಿದ್ದರು. 2024ರಲ್ಲಿ ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ ಅದನ್ನು ಕೊಂಡಿತು, 2025ರ ಅಕ್ಟೋಬರಿನಿಂದ ಅದು ಉಚಿತ. ಉಚಿತವಾದರೂ ಈ ನಾಲ್ಕು ಪದಗಳ ಪರೀಕ್ಷೆ ಮಾಡದೆ ಕನ್ನಡದ ಕೆಲಸಕ್ಕೆ ಅದನ್ನು ನಂಬಬೇಡಿ.

ಇಂಕ್‌ಸ್ಕೇಪ್‌ನ ಕೊರತೆ ಬಣ್ಣದಲ್ಲಿ. ಅದರ ಫೈಲ್ ಆರ್‌ಜಿಬಿಯಲ್ಲಿ ಹೊರಬರುತ್ತದೆ, ಅಂದರೆ ಶಾಯಿಯ ಲೆಕ್ಕದಲ್ಲಲ್ಲ, ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕದಲ್ಲಿ. ಆಫ್‌ಸೆಟ್ ಪ್ರೆಸ್ಸಿಗೆ ಹೋದಾಗ ಕಪ್ಪು ಅಕ್ಷರ ನಾಲ್ಕು ಶಾಯಿಗೂ ಹಂಚಿಹೋಗಿ, ಪ್ಲೇಟು ಕೂದಲೆಳೆಯಷ್ಟು ಸರಿದರೂ ಕಾಫಿಪುಡಿ ಪೊಟ್ಟಣದ ಸಣ್ಣ ಅಕ್ಷರ ಮಸುಕಾಗುತ್ತದೆ. ಆ ಚಿತ್ರವನ್ನು ಪುಟ ಜೋಡಿಸುವ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್‌ಗೆ ತಂದು, ಅಕ್ಷರಗಳನ್ನು ಅಲ್ಲೇ ಕೂರಿಸಿ, ಕಪ್ಪನ್ನು ಬರೀ ಕೆ 100 (ಕಪ್ಪು ಶಾಯಿಯೊಂದೇ ಪೂರ್ತಿ) ಎಂದು ಕೊಟ್ಟು ಪಿಡಿಎಫ್ ತೆಗೆದರೆ ಸರಿಹೋಗುತ್ತದೆ. ಲೇಬಲ್ ಕೆಲಸ ದಿನವೂ ಇರುವ ಅಂಗಡಿಗೆ ಈ ಸುತ್ತು ದಾರಿ ಬೇಡ. ಚಿತ್ರ, ಲೇಬಲ್ ಬಿಡಿಸುವ ಸಾಫ್ಟ್‌ವೇರ್ ಕೋರೆಲ್‌ಡ್ರಾ ಈಗಲೂ ಒಂದೇ ಸಲದ ಖರೀದಿಗೆ ಸಿಗುತ್ತದೆ, ಊರಿನ ಪ್ರೆಸ್ಸಿನವರೂ ಅದೇ ಫೈಲ್ ಕೇಳುತ್ತಾರೆ. ಕೊಂಡ ಆವೃತ್ತಿ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಬೇರೆಯವರು ಹೊಸದರಲ್ಲಿ ಮಾಡಿದ್ದನ್ನು ತೆರೆಯಬೇಕಾದರೆ ಹಳೆ ಆವೃತ್ತಿಗೆ ಇಳಿಸಿ ಸೇವ್ ಮಾಡಿ ಕಳಿಸಿ ಎನ್ನಬೇಕು.

ಸಂಜೆಗೆ ತೀರ್ಮಾನವಾಯಿತು: ಕೋರೆಲ್ ಸ್ವಂತಕ್ಕೆ, ಫೋಟೋಶಾಪ್ ಸೆಪ್ಟೆಂಬರಿನಿಂದ ತಿಂಗಳ ಚಂದಾಕ್ಕೆ. ಚಂದಾ ನಿಲ್ಲಿಸುವ ಮುನ್ನ ಮಾಡಲೇಬೇಕಾದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಕ್ಲೌಡ್‌ನಲ್ಲಿರುವ ಫೈಲುಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಬೇಕು. ಫೋಟೋಶಾಪಿನ ಮೂಲ ಫೈಲಾದ ಪಿಎಸ್‌ಡಿಯ ಜೊತೆಗೆ ಪಿಡಿಎಫ್ ಪ್ರತಿಯೂ ಇರಬೇಕು. ಚಂದಾದೊಂದಿಗೆ ಬಂದ ಫಾಂಟುಗಳು ಚಂದಾದೊಂದಿಗೇ ಹೋಗುತ್ತವೆ, ಆದ್ದರಿಂದ ಅವನ್ನು ಬಳಸಿದ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿಸಿ, ಅಂದರೆ ಔಟ್‌ಲೈನ್ ಮಾಡಿದ ಪ್ರತಿಯೊಂದು ಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಅದಕ್ಕೆ ಕಂಟ್ರೋಲ್-ಶಿಫ್ಟ್-ಒ, ಕೋರೆಲ್‌ನಲ್ಲಿ ಕಂಟ್ರೋಲ್-ಕ್ಯೂ. ಔಟ್‌ಲೈನ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಮೂಲ ಪ್ರತಿಯನ್ನು ಬೇರೆ ಇಡಿ.

ಬಿಲ್ ಅಂಗಡಿಯ ಹೆಸರಿನಲ್ಲೇ, ಜಿಎಸ್‌ಟಿ ಸಂಖ್ಯೆಯೊಂದಿಗೆ ಇರಲಿ. ಲೆಕ್ಕಪುಸ್ತಕ ಇಡುವವರಿಗೆ ಚಂದಾ ಆ ವರ್ಷದ ಖರ್ಚು. ಕೊಂಡ ಸಾಫ್ಟ್‌ವೇರಿಗೆ ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಶೇ. 40ರ ಸವಕಳಿ (ಬೆಲೆ ಸವೆದಿದ್ದಕ್ಕೆ ಕಳೆಯುವ ಮೊತ್ತ). ಕೊಂಡ ವರ್ಷದಲ್ಲಿ ಮಾರ್ಚ್ ಕೊನೆಯವರೆಗೆ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಹಾಗಾಗಿ ಕೋರೆಲ್ ಕೊಳ್ಳುವುದಿದ್ದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಕೊಂಡು ಬಳಸಲು ಶುರುಮಾಡಿ.